ಬರೆದಾಗಲೆಲ್ಲ ಮನಸ್ಸು ಇನ್ನೂ ಭಾರವಾಗುತ್ತದೆ, ಡೈರಿ ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 41 ವರ್ಷ. ಬಾಗಲಕೋಟೆ ಹತ್ತಿರದ ಊರೊಂದರಲ್ಲಿ ಶಾಲಾ ಶಿಕ್ಷಕಿ. ಒಂದೂಕಾಲು ವರ್ಷದ ಹಿಂದೆ ನಮ್ಮ ಮನೆಯವರು ಬೈಕ್ ಅಪಘಾತದಲ್ಲಿ ತೀರಿಕೊಂಡರು. ಆ ರಾತ್ರಿ ಹೋಗಬೇಡಿ ಅಂದಿದ್ದೆ, ಕೇಳಲಿಲ್ಲ. ಚರ್ಚಿನಲ್ಲಿ ಎಲ್ಲರೂ 'ದೇವರ ಚಿತ್ತ' ಅನ್ನುತ್ತಾರೆ. ನಾನೂ ಆಮೆನ್ ಅನ್ನುತ್ತೇನೆ. ಒಳಗೆ ಮಾತ್ರ ಸಿಟ್ಟು, ಅವರ ಮೇಲೂ ದೇವರ ಮೇಲೂ. ಪಾಸ್ಟರಮ್ಮ ಹೊಸ ವರ್ಷಕ್ಕೆ ಒಂದು ಡೈರಿ ಕೊಟ್ಟು, ಮನಸ್ಸಲ್ಲಿರುವುದನ್ನು ಬರೆಯಿರಿ ಅಂದರು. ಬರೆದಾಗಲೆಲ್ಲ ಅಳು, ತಲೆಭಾರ. ಆಮೇಲೆ ಬರೀ ಸತ್ಯವೇದದ (ಬೈಬಲಿನ) ವಾಕ್ಯ, ಸ್ತೋತ್ರ ಬರೆಯತೊಡಗಿದೆ. ಅದು ಸುಳ್ಳು ಅನಿಸುತ್ತದೆ. ದೇವರ ಮೇಲಿನ ಸಿಟ್ಟು ಬರೆಯುವುದು ಪಾಪವೇ? ಮನೆಯಲ್ಲಿ ಅತ್ತೆ, ಮೈದುನ, ನೆಗೆಣ್ಣಿ, ಅವರ ಮಕ್ಕಳು ಎಲ್ಲ ಇದ್ದಾರೆ. ಯಾರಾದರೂ ಓದಿಬಿಟ್ಟರೆ? ಮುಂದಿನ ತಿಂಗಳು ಚರ್ಚಿನ ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳಿ, ಅಂದರೆ ದೇವರು ನನ್ನನ್ನು ಹೇಗೆ ನಡೆಸಿದ ಅಂತ ಎಲ್ಲರ ಮುಂದೆ ಹೇಳಿ, ಅಂತಲೂ ಕೇಳಿದ್ದಾರೆ. ಏನು ಮಾಡಲಿ?

ಉತ್ತರ:

ಸಹೋದರಿ, ಡೈರಿ ಬಿಡಬೇಡಿ. ಬರೆಯುವ ರೀತಿ ಬದಲಾಯಿಸಿ. ಸಿಟ್ಟು ಬರೆಯುವುದು ಪಾಪವಲ್ಲ. ಸಿಟ್ಟಿದ್ದಾಗ ಸ್ತೋತ್ರ ಮಾತ್ರ ಬರೆದು ಮುಚ್ಚಿಡುವುದೇ ನಿಮ್ಮನ್ನು ಹೆಚ್ಚು ದಣಿಸುತ್ತಿದೆ. 'ಅದು ಸುಳ್ಳು ಅನಿಸುತ್ತದೆ' ಅಂತ ನೀವೇ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭರವಸೆ ಕೊಟ್ಟ ಸಾಲು ಅದೇ. ದೇವರ ಮುಂದೆ ಸುಳ್ಳು ಬೇಡ ಅಂತ ನಿಮ್ಮ ಮನಸ್ಸಿಗೆ ಅನಿಸುತ್ತಿದೆಯಲ್ಲ, ನಂಬಿಕೆ ಸತ್ತವರಿಗೆ ಹಾಗೆ ಅನಿಸುವುದಿಲ್ಲ.

ಪಾಪದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಇದು ಇತ್ಯರ್ಥವಾಗದೆ ನಿಮ್ಮ ಪೆನ್ನು ಮುಂದೆ ಹೋಗುವುದಿಲ್ಲ.

ಇವತ್ತು ರಾತ್ರಿ ಸತ್ಯವೇದದ 13ನೇ ಕೀರ್ತನೆ ತೆಗೆದು ನೋಡಿ. ಆರೇ ವಚನದ ಚಿಕ್ಕ ಕೀರ್ತನೆ. ಮೊದಲ ಎರಡು ವಚನಗಳಲ್ಲೇ ಕೀರ್ತನೆಗಾರ ನಾಲ್ಕು ಸಲ 'ಇನ್ನೆಷ್ಟು ಕಾಲ' ಅಂತ ದೇವರನ್ನು ಕೇಳುತ್ತಾನೆ. ನೀನು ನನ್ನನ್ನು ಮರೆತೇಬಿಟ್ಟೆಯಾ ಅನ್ನುತ್ತಾನೆ. ಆ ಕೀರ್ತನೆಯಾದರೂ ಕೊನೆಗೆ ಭರವಸೆಗೆ ಬಂದು ನಿಲ್ಲುತ್ತದೆ. 88ನೇ ಕೀರ್ತನೆ ಅದೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಆದರೂ ಅದನ್ನು ಯಾರೂ ಸತ್ಯವೇದದಿಂದ ಕಿತ್ತುಹಾಕಲಿಲ್ಲ. ಯೆರೆಮೀಯನ 20ನೇ ಅಧ್ಯಾಯದಲ್ಲಿ ಪ್ರವಾದಿಯೇ 'ನೀನು ನನ್ನನ್ನು ಮರುಳುಮಾಡಿದೆ' ಅಂತ ದೇವರಿಗೆ ಹೇಳುತ್ತಾನೆ. ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಇದೆಲ್ಲ ಬರೆದಿಟ್ಟ ಮಾತು, ನೆನಪಿಡಿ. ಬಾಯ್ತಪ್ಪಿ ಬಂದದ್ದಲ್ಲ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆ ನಿಮಗೆ ಗೊತ್ತು, ಆದರೆ ಅದರ ಕೊನೆಯನ್ನು ನಾವು ಬೇಗ ದಾಟಿಬಿಡುತ್ತೇವೆ. ಯೋಬನ ಗೆಳೆಯರು ಮೊದಲ ಏಳು ದಿನ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅದು ಒಳ್ಳೆಯ ಕೆಲಸ. ಆಮೇಲೆ ಬಾಯಿ ತೆರೆದರು, ದೇವರ ಪರವಾಗಿ ಚೆಂದಚೆಂದದ ಮಾತು ಹೇಳಿದರು. ಯೋಬನೋ, ಕೂಗಾಡಿದ, ದೇವರನ್ನೇ ವಾದಕ್ಕೆ ಕರೆದ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂದ. ಯೇಸುವೇ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತನ್ನು ಕೂಗಿದ, ಯಾಕೆ ನನ್ನನ್ನು ಕೈಬಿಟ್ಟೆ ಅಂತ. ಇಷ್ಟೆಲ್ಲ ಇರುವಾಗ ನಿಮ್ಮ ಡೈರಿಯ ಎರಡು ಸಾಲು ಸಿಟ್ಟಿಗೆ ದೇವರು ಮುಖ ತಿರುಗಿಸುತ್ತಾನೆ ಅಂದುಕೊಳ್ಳಬೇಡಿ.

ಸಿಟ್ಟನ್ನು ದೇವರ ಬಗ್ಗೆ ಬರೆಯುವುದಕ್ಕೂ ದೇವರಿಗೇ ಬರೆಯುವುದಕ್ಕೂ ಮಾತ್ರ ತುಂಬ ವ್ಯತ್ಯಾಸ ಇದೆ. 'ದೇವರು ನನಗೆ ಮೋಸ ಮಾಡಿದ' ಅಂತ ಬರೆದರೆ ಬೆನ್ನ ಹಿಂದೆ ಆಡಿದ ಮಾತಾಗುತ್ತದೆ. 'ದೇವರೇ, ನೀನು ಯಾಕೆ ತಡೆಯಲಿಲ್ಲ?' ಅಂತ ಬರೆದರೆ ಅದು ಪ್ರಾರ್ಥನೆ. ಮೇಲೆ ಹೇಳಿದ ಕೀರ್ತನೆಗಳೆಲ್ಲ ನೇರ ದೇವರ ಮುಖ ನೋಡಿ ಆಡಿದ ಮಾತುಗಳೇ. ನಮ್ಮ ನೆಲಕ್ಕೂ ಇದು ಹೊಸದಲ್ಲ. ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. 12ನೇ ಶತಮಾನದ ಶರಣರು ತಮ್ಮ ದುಗುಡ, ಸೋಲು, ತಕರಾರು ಎಲ್ಲವನ್ನೂ ತಮ್ಮ ದೇವರ ಹೆಸರು ಹಿಡಿದು ಕರೆದೇ ಹೇಳಿದರು. ನೀವು ನಿಮ್ಮ ಪ್ರಭುವಿನ ಹೆಸರು ಹಿಡಿದು ಬರೆಯಿರಿ.

ಇನ್ನು ಭಾಷೆಯ ಮಾತು. ನಮ್ಮ ಚರ್ಚಿನ ಪ್ರಾರ್ಥನೆಗೆ ಒಂದು ಪುಸ್ತಕದ ಕನ್ನಡ ಇದೆ. ಅದು ಗೌರವದ ಭಾಷೆ, ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ದುಃಖ ಆ ಕನ್ನಡದಲ್ಲಿ ಹುಟ್ಟಿದ್ದಲ್ಲ. ಈಗ ನೀವು ಬರೆಯುತ್ತಿರುವುದು ಬಹುಶಃ ಹೀಗಿರಬಹುದು:

'ಕೃಪಾಮಯನಾದ ತಂದೆಯೇ, ಈ ದಿನಕ್ಕಾಗಿ ನಿನಗೆ ಸ್ತೋತ್ರ. ನಿನ್ನ ಚಿತ್ತವೇ ನೆರವೇರಲಿ.'

ಅದೇ ದಿನವನ್ನು ಮನೆ ಮಾತಿನಲ್ಲಿ ಬರೆದರೆ ಹೇಗಿರಬಹುದು ಅಂತ ನಾನು ಕಲ್ಪಿಸಿ ಬರೆಯುತ್ತೇನೆ:

'ಇವತ್ತ ಸಂತಿಗೆ ಹೋಗಿದ್ದೆ. ಹೀರಿಕಾಯಿ ಚಲೋ ಇದ್ವು, ಅರ್ಧ ಕೆಜಿ ಹಾಕಿಸ್ಕೊಂಡೆ. ಮನಿಗೆ ಬಂದು ಚೀಲ ಸುರುವಿದ ಮ್ಯಾಲ ನೆನಪಾತು, ಅದು ಅವರಿಗಷ್ಟ ಸೇರತಿತ್ತು. ನಾ ಯಾರಿಗಂತ ತಂದೆ? ಬುಟ್ಟ್ಯಾಗ ಹಂಗ ಇಟ್ಟೀನಿ. ದೇವರ, ಆ ರಾತ್ರಿ ಹೋಗಬ್ಯಾಡ್ರಿ ಅಂತ ಕೈ ಹಿಡಿದು ಹೇಳಿದ್ದೆ. ಅವರೂ ಕೇಳಲಿಲ್ಲ. ನೀನೂ ತಡೀಲಿಲ್ಲ.'

ಎರಡನೆಯದನ್ನು ಓದಿದಾಗ ಎದೆಗೆ ತಾಗುತ್ತದೆ, ಅಲ್ವಾ? ತಾಗಬೇಕು. ಅಲ್ಲಿ ಸಂತೆ ಇದೆ, ಚೀಲ ಇದೆ, ಹೀರೆಕಾಯಿ ಇದೆ, ಕೈ ಹಿಡಿದದ್ದು ಇದೆ. ಹೀಗೆ ಒಂದೊಂದು ವಸ್ತು ಹಿಡಿದು ಬರೆಯಿರಿ. ವ್ಯಾಕರಣ ನೋಡಬೇಡಿ, ಅಕ್ಷರ ದುಂಡಗೆ ಬರಲಿ ಅಂತಲೂ ನೋಡಬೇಡಿ. ಶಿಕ್ಷಕಿ ಅಲ್ವಾ, ಅದು ನಿಮಗೆ ಸ್ವಲ್ಪ ಕಷ್ಟವಾಗಬಹುದು. ತಪ್ಪು ಕಂಡರೂ ತಿದ್ದದೆ ಮುಂದೆ ಹೋಗಿ.

ಬರೆದಾಗಲೆಲ್ಲ ಅಳು, ತಲೆಭಾರ ಅಂದಿದ್ದೀರಿ. ಇದನ್ನು ಸರಿಯಾಗಿ ಅಭ್ಯಾಸ ಮಾಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 46 ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆಯಲು ಹೇಳಿದರು. ಕೆಲವರು ಜೀವನದ ದೊಡ್ಡ ನೋವಿನ ಬಗ್ಗೆ ಬರೆದರು. ಕೆಲವರು ಸುಮ್ನೆ ಸಾಧಾರಣ ವಿಷಯ ಬರೆದರು. ನೋವು ಬರೆದವರು ಬರೆದು ಎದ್ದ ತಕ್ಷಣ ಇನ್ನಷ್ಟು ಬೇಸರದಲ್ಲಿದ್ದರು. ಆದರೆ ಅವರಲ್ಲಿ ನಡೆದ ಸಂಗತಿ ಮತ್ತು ತಮಗೆ ಅನಿಸಿದ್ದು ಎರಡನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೀ ಸಂಗತಿ ಬರೆದವರಿಗೆ ಆ ಲಾಭ ಕಾಣಲಿಲ್ಲ. ಅಂದರೆ ಬರೆದ ದಿನ ಅಳು ಬಂತು ಅನ್ನುವುದು ಎಡವಟ್ಟಾಯಿತು ಅನ್ನುವ ಗುರುತಲ್ಲ.

ಹಾಗಂತ ಬರವಣಿಗೆಯನ್ನು ರಾಮಬಾಣ ಅಂತ ನಾನು ಹೇಳುವುದಿಲ್ಲ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಾಸರಿ ಲಾಭ ಇತ್ತು, ಆದರೆ ಚಿಕ್ಕದಿತ್ತು. ಕೆಲವರಿಗೆ ಲಾಭವೇ ಇಲ್ಲ. ಯಾರಿಗೆ ಆಗುತ್ತದೆ? ಪೆನ್ನೆಬೇಕರ್ ಅವರು ಬರಹಗಳನ್ನೇ ಎಣಿಸಿ ನೋಡಿದರು. ಮೊದಲ ದಿನದಿಂದ ಕೊನೆಯ ದಿನಕ್ಕೆ ಬರುವಾಗ 'ಯಾಕಂದರೆ', 'ಅದರಿಂದ', 'ಈಗ ತಿಳಿಯಿತು' ಅನ್ನುವಂಥ ಮಾತು ಹೆಚ್ಚಾದವರಿಗೆ ಜಾಸ್ತಿ ಒಳ್ಳೆಯದಾಗಿತ್ತು. ಬರಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬೇಕು ಅಂತಾಯಿತು. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತಿದರೆ ಬರೆದು ಫಲವಿಲ್ಲ.

ನಿಮ್ಮ ವಿಷಯದಲ್ಲಿ ಅದು ಹೇಗೆ ಸಾಗಬಹುದು? ಮೊದಲ ದಿನ 'ಅವರು ಕೇಳಲಿಲ್ಲ' ಅಂತ ಬರೆಯುತ್ತೀರಿ. ಎರಡನೇ ದಿನವೂ ಅದೇ ಬಂದೀತು, ಬರಲಿ. ಮೂರನೇ ದಿನ ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ಸಿಟ್ಟು ಬಂದದ್ದು ಯಾಕೆ? ಉತ್ತರ ಬಹುಶಃ ಹೀಗೆ ಬಂದೀತು: 'ನನ್ನ ಮಾತಿಗೆ ಬೆಲಿ ಕೊಡಲಿಲ್ಲ ಅಂತ ಸಿಟ್ಟು. ಆದ್ರ ಯಾವಾಗಲೂ ಹಂಗ ಇರಲಿಲ್ಲ ಅವರು. ಅವತ್ತ ಯಾರಿಗೋ ಮಾತು ಕೊಟ್ಟಿದ್ದರು. ಕೊಟ್ಟ ಮಾತು ಮುರಿಯೂ ಮನಷ್ಯಾ ಅಲ್ಲ. ಅದಕ್ಕ ನಾ ಅವರನ್ನ ಮೆಚ್ಚಿದ್ದೆ, ಅದಕ್ಕ ಈಗ ಸಿಟ್ಟಾಗೀನಿ.' ಇದು ನನ್ನ ಊಹೆ, ನಿಮ್ಮ ಉತ್ತರ ಬೇರೆಯೇ ಇರಬಹುದು. ಯಾವುದೇ ಬಂದರೂ 'ಯಾಕಂದರೆ' ಅನ್ನುವ ಕಡೆಗೆ ಒಂದು ಹೆಜ್ಜೆ ಇಡಿ.

ಹಾಗಾಗಿ ನನ್ನ ಸಲಹೆ ಇಷ್ಟು. ಪಾಸ್ಟರಮ್ಮ ಕೊಟ್ಟ ಡೈರಿಯನ್ನು ಸದ್ಯ ಪಕ್ಕಕ್ಕೆ ಇಡಿ. ಅದರಲ್ಲಿ ತಾರೀಖು ಅಚ್ಚಾಗಿರುತ್ತದೆ, ಒಂದು ದಿನ ಖಾಲಿ ಬಿಟ್ಟರೂ ಮನಸ್ಸು ಚುಚ್ಚುತ್ತದೆ. ಶಾಲೆ ಮಕ್ಕಳ ನೂರು ಪೇಜಿನ ನೋಟ್‌ಬುಕ್ ಸಾಕು. ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಿರಿ. ಮೊಬೈಲಿನಲ್ಲಿ ಅಲಾರಂ ಇಡಿ. ಗಂಟೆ ಹೊಡೆದಾಗ ವಾಕ್ಯ ಅರ್ಧಕ್ಕೇ ಇದ್ದರೂ ನಿಲ್ಲಿಸಿ, ಕೊನೆಯಲ್ಲಿ ದೇವರಿಗೆ ಒಂದು ಸಾಲು ಬರೆದು ಮುಚ್ಚಿ. ಆ ಸಾಲು ಸ್ತೋತ್ರವೇ ಆಗಬೇಕಿಲ್ಲ. 'ಇವತ್ತಿಗೆ ಇಷ್ಟು, ನಾಳೆ ಮತ್ತ ಬರ್ತೀನಿ' ಅಂದರೂ ಸಾಕು. ಮಲಗುವ ಹೊತ್ತಿನಲ್ಲಿ ಬರೆಯಬೇಡಿ, ನಿದ್ದೆ ಕೆಡುತ್ತದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೋದ ಖಾಲಿ ತರಗತಿ ಒಳ್ಳೆಯ ಜಾಗ. ಎದ್ದ ಮೇಲೆ ಮುಖ ತೊಳೆದು ಕೈಗೆ ಕೆಲಸ ಕೊಡಿ. ಜೋಳದ ಹಿಟ್ಟು ನಾದಿ ನಾಲ್ಕು ರೊಟ್ಟಿ ಬಡಿಯುವ ಹೊತ್ತಿಗೆ ಉಸಿರು ತಹಬಂದಿಗೆ ಬರುತ್ತದೆ. ನಾಲ್ಕು ದಿನ ಮುಗಿದ ಮೇಲೆ ಒಂದೆರಡು ವಾರ ನೋವಿನ ಬಗ್ಗೆ ಬರೆಯಲೇಬೇಡಿ.

ದುಃಖಕ್ಕೆ ಗಡಿ ಹಾಕುವುದು ಸರಿಯೇ ಅಂತ ಅನಿಸಿದರೆ ಪ್ರಲಾಪಗಳು ಪುಸ್ತಕ ನೋಡಿ. ಯೆರೂಸಲೇಮ್ ಹಾಳಾದ ಮೇಲೆ ಅತ್ತ ಅಳು ಅದು. ಆದರೆ ಅದರ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಸಾಲು ಹಿಡಿದು ನಡೆಯುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಊರು ಸುಟ್ಟುಹೋದ ಮನುಷ್ಯ ಅಕ್ಷರ ಎಣಿಸಿ ಬರೆದ. ಕೊನೆಯ ಅಕ್ಷರ ಬಂದಾಗ ಆ ಹೊತ್ತಿನ ಅಳು ನಿಲ್ಲಲೇಬೇಕು, ಮತ್ತೆ ಮೊದಲ ಅಕ್ಷರದಿಂದ ಶುರು. ಗಡಿ ಹಾಕಿದ್ದರಿಂದ ಅವನ ದುಃಖ ಸಣ್ಣದಾಗಲಿಲ್ಲ, ಹೇಳಲು ಒಂದು ದಾರಿ ಸಿಕ್ಕಿತು.

ಒಂದು ವೇಳೆ ಬರೆದಷ್ಟೂ ಅದೇ ರಾತ್ರಿ, ಅದೇ ಪ್ರಶ್ನೆ ಸುತ್ತುತ್ತಿದ್ದರೆ, ಬೇರೆ ದಾರಿ ಹಿಡಿಯಿರಿ. ಗಂಡ-ಹೆಂಡತಿ ಬೇರೆಯಾದವರ ಮೇಲೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆದದ್ದಕ್ಕೆ ಅರ್ಥ ಹುಡುಕುತ್ತಲೇ ಇದ್ದವರಿಗೆ ನೋವು ಬರೆಯುವುದರಿಂದ ಚೇತರಿಕೆ ನಿಧಾನವಾಯಿತು. ಅಂಥವರಲ್ಲಿ ದಿನದ ಸಾದಾ ಕೆಲಸಗಳನ್ನು ಮಾತ್ರ ಬರೆದವರು ಹೆಚ್ಚು ಬೇಗ ಸುಧಾರಿಸಿಕೊಂಡರು. ಹಾಗಾಗಿ ಅಂಥ ದಿನ 'ಐದಕ್ಕ ಎದ್ದೆ, ನೀರು ಬಿಟ್ಟಿದ್ದರು, ಎರಡು ಕೊಡ ತುಂಬಿದೆ' ಅಂತ ಬರೆದರೂ ಅದು ಡೈರಿಯೇ. ಇನ್ನೊಂದು ನಿಯಮ ಪೆನ್ನೆಬೇಕರ್ ಅವರೇ ಹೇಳುತ್ತಾರೆ: ಒಂದು ವಿಷಯ ಬರೆಯಹೋದರೆ ಕೈಮೀರಿ ಹೋಗುತ್ತೇನೆ ಅನಿಸಿದರೆ ಅದನ್ನು ಬರೆಯಬೇಡಿ. ಅಪಘಾತದ ಜಾಗ, ಆಸ್ಪತ್ರೆಯಲ್ಲಿ ಕಂಡದ್ದು ಇಂಥದ್ದಿರಬಹುದು. ಅದನ್ನು ಒಬ್ಬರೇ ಕುಳಿತು ಬರೆಯುವ ಹಟ ಬೇಡ. ಎದುರಿಗೆ ಒಬ್ಬ ಸಮಾಲೋಚಕರು ಇರುವಾಗ ಹೇಳುವ ಮಾತು ಅದು.

ಯಾರಾದರೂ ಓದಿಬಿಟ್ಟರೆ ಅನ್ನುವ ಭಯ ಸಣ್ಣದಲ್ಲ. ಕೂಡು ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಸ್ವಂತದ್ದೊಂದು ಬೀಗ ಇರುವುದು ಅಪರೂಪ. ಮೆಥೋಡಿಸ್ಟ್ ಕ್ರೈಸ್ತ ಪಂಥಕ್ಕೆ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ. ಅವರು 1725ರಲ್ಲಿ ಡೈರಿ ಬರೆಯಲು ಶುರು ಮಾಡಿದಾಗ ಬೇರೆಯವರಿಗೆ ಓದಲು ಬಾರದ ಗುಪ್ತ ಲಿಪಿ, ಸಂಕೇತಗಳಲ್ಲಿ ಬರೆದರು. ಅಷ್ಟು ದೊಡ್ಡ ದೇವಸೇವಕರಿಗೇ ಗುಟ್ಟು ಬೇಕಿತ್ತು, ನಿಮಗೆ ಬೇಕೆನಿಸುವುದರಲ್ಲಿ ನಾಚಿಕೆ ಏನೂ ಇಲ್ಲ. ನೋಟ್‌ಬುಕ್ಕನ್ನು ಶಾಲೆಯ ನಿಮ್ಮ ಅಲ್ಮೇರಾದಲ್ಲಿಟ್ಟು ಬೀಗ ಹಾಕಿ. ಅದೂ ಆಗದಿದ್ದರೆ ಬಿಡಿ ಹಾಳೆಯಲ್ಲಿ ಬರೆದು ಒಲೆಗೆ ಹಾಕಿ. ಬರೆಯುವಾಗ ಆಗಬೇಕಾದ ಕೆಲಸ ಆಗಿಯೇ ಹೋಗಿರುತ್ತದೆ. ಹೆಸರುಗಳಿಗೆ ಒಂದೊಂದು ಅಕ್ಷರ ಸಾಕು. ಮೊಬೈಲಿನಲ್ಲಿ ಬರೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ಮನೆಯ ಮಕ್ಕಳು ಆಟಕ್ಕೆ ತೆಗೆದುಕೊಳ್ಳುವ ಮೊಬೈಲಿನಲ್ಲಿ ಗುಟ್ಟು ಉಳಿಯುವುದಿಲ್ಲ.

ನಾಲ್ಕು ದಿನದ ಬರವಣಿಗೆ ಗಾಯಕ್ಕೆ. ಆತ್ಮಿಕ ಬೆಳವಣಿಗೆಗೆ ಬೇರೊಂದು ಬರವಣಿಗೆ ಇದೆ, ಅದು ಚಿಕ್ಕದು, ಮೆತ್ತಗಿನದು. 16ನೇ ಶತಮಾನದ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ದಿನದ ಪರಿಶೀಲನೆ ಅದು. ಇದು ಕ್ಯಾಥೊಲಿಕರದು ಅಂತ ನೀವು ಹಿಂಜರಿಯಬೇಕಿಲ್ಲ. ಸಂಜೆ ಎರಡು ಸಾಲು ಅಷ್ಟೇ. ಇವತ್ತು ಯಾವ ಗಳಿಗೆಯಲ್ಲಿ ದೇವರು ಹತ್ತಿರ ಇದ್ದ ಹಾಗೆ ಅನಿಸಿತು? ಯಾವ ಗಳಿಗೆಯಲ್ಲಿ ದೂರ ಅನಿಸಿತು? 'ಎರಡನೇ ತರಗತಿಯ ಹುಡುಗಿ ಬಂದು ಸೆರಗು ಹಿಡಿದಳು, ಹತ್ತಿರ. ಪಿಂಚಣಿ ಕಾಗದಕ್ಕೆ ಸಹಿ ಮಾಡುವಾಗ ದೂರ.' ಹೀಗೆ. ಒಂದೆರಡು ತಿಂಗಳಾದ ಮೇಲೆ ತಿರುವಿ ನೋಡಿದರೆ ದೇವರು ಯಾವ ಬಾಗಿಲಿಂದ ನಿಮ್ಮ ಹತ್ತಿರ ಬರುತ್ತಾನೆ ಅಂತ ನಿಮಗೇ ಕಾಣತೊಡಗುತ್ತದೆ. ಬಹಳ ಮಂದಿಗೆ ಅದು ಚರ್ಚಿನ ಹೊರಗೆ, ಕೆಲಸದ ನಡುವೆ ಇರುತ್ತದೆ.

ಇಲ್ಲಿ ಎಚ್ಚರ ಬೇಕು. ವೆಸ್ಲಿಯವರು ಒಂದು ಕಾಲಕ್ಕೆ ಗಂಟೆಗಂಟೆಗೂ ತಮ್ಮ ಭಕ್ತಿಗೆ ಅಂಕ ಹಾಕಿಕೊಳ್ಳುತ್ತಿದ್ದರು. 1851ರಲ್ಲಿ ನಿಮ್ಮ ಗುಳೇದಗುಡ್ಡದಲ್ಲಿ ನೆಲೆ ಮಾಡಿದ ಬಾಸೆಲ್ ಮಿಷನ್‌ನವರೂ ಮನಸ್ಸಿನ ಒಳಗನ್ನು ಹುಡುಕಿ ಹುಡುಕಿ ನೋಡುವ ಜರ್ಮನ್ ಭಕ್ತಿಪಂಥದಿಂದ ಬಂದವರು. ಅವರ ಶಿಸ್ತಿಗೆ ನಾನು ತಲೆಬಾಗುತ್ತೇನೆ. ಆದರೆ ದುಃಖದಲ್ಲಿರುವ ಹೆಂಗಸಿಗೆ ಆ ಲೆಕ್ಕದ ಪುಸ್ತಕ ಬೇಡ. ಈಗಾಗಲೇ ನೀವು 'ಇನ್ನೂ ಗಟ್ಟಿಯಾಗಿ ತಡೆದಿದ್ದರೆ' ಅಂತ ನಿಮ್ಮ ಮೇಲೇ ತಪ್ಪು ಹೊರಿಸಿಕೊಳ್ಳುತ್ತಿರಬಹುದು. ಡೈರಿಯಲ್ಲಿ ಪಾಪಗಳ ಪಟ್ಟಿ ಬೆಳೆಯುತ್ತಿದೆ ಅಂತ ಕಂಡರೆ ಆ ದಿನವೇ ನಿಲ್ಲಿಸಿ. ಕ್ಷಮೆಯನ್ನೂ ಅವಸರ ಮಾಡಬೇಡಿ. 'ಕ್ಷಮಿಸಿದೆ' ಅಂತ ಬರೆಯುವುದು ಸುಲಭ. ಅದು ಒಳಗಿಂದ ಬಂದ ದಿನ ನಿಮಗೇ ಗೊತ್ತಾಗುತ್ತದೆ, ಅವತ್ತು ಬರೆಯಿರಿ.

ಡೈರಿಗೆ ಆಗದ ಕೆಲಸವೂ ಇದೆ. ಸಾವಾಗಿ ವರ್ಷ ದಾಟಿದ ಮೇಲೂ ಹೆಚ್ಚುಕಡಿಮೆ ದಿನವೂ ಅದೇ ತೀವ್ರ ಹಂಬಲ, ಊಟ ಸೇರದಿರುವುದು, ಪಾಠ ಮಾಡಲಾಗದಿರುವುದು, ಬದುಕು ಅರ್ಥವಿಲ್ಲ ಅನಿಸುವುದು ಇದ್ದರೆ ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ದುಃಖ ಅಂತಲೇ ಗುರುತಿಸುತ್ತಾರೆ. ನಿಮಗೆ ವರ್ಷ ದಾಟಿದೆ, ಹಾಗಾಗಿ ನಿಮ್ಮನ್ನು ನೀವು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ತೀರ ದೂರವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತೀರಿಕೊಂಡ ಮನೆಯವರ ಹತ್ತಿರ ಹೋಗಬೇಕು, ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಡೈರಿ ಮುಚ್ಚಿ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲೂ ಒಬ್ಬರಿಗೆ ಹೇಳಿ. ಪ್ರಾರ್ಥನೆ ಸಾಲಲಿಲ್ಲ ಅಂತ ಅದರರ್ಥ ಅಲ್ಲ. ಕಾಲು ಮುರಿದರೆ ಆಸ್ಪತ್ರೆಗೂ ಹೋಗುತ್ತೇವೆ, ಪ್ರಾರ್ಥನೆಯನ್ನೂ ಮಾಡುತ್ತೇವೆ.

ಸಾಕ್ಷಿಯ ವಿಷಯ ಉಳಿಯಿತು. ಮುಂದಿನ ತಿಂಗಳು ಬೇಡ. ಪಾಸ್ಟರಮ್ಮನ ಹತ್ತಿರ ಒಬ್ಬರೇ ಹೋಗಿ, 'ಅಮ್ಮಾರ, ನನಗಿನ್ನೂ ಹೇಳಾಕ ಆಗೂದಿಲ್ಲ' ಅಂತ ಹೇಳಿ. ನಿಮಗೆ ಡೈರಿ ಕೊಟ್ಟು ಮನಸ್ಸಲ್ಲಿರುವುದನ್ನು ಬರೆಯಿರಿ ಅಂದವರು ಅವರೇ, ಅರ್ಥ ಮಾಡಿಕೊಳ್ಳುತ್ತಾರೆ ಅಂತ ನನಗೆ ಅನಿಸುತ್ತದೆ. ಕೂಟಕ್ಕೆ ಮಾತ್ರ ಹೋಗಿ. ಯಾರಾದರೂ ಒತ್ತಾಯ ಮಾಡಿದರೆ ಎದ್ದು ನಿಂತು 13ನೇ ಕೀರ್ತನೆಯನ್ನು ಓದಿ ಕುಳಿತುಕೊಳ್ಳಿ. ಆರು ವಚನ, ಎರಡು ನಿಮಿಷವೂ ಆಗುವುದಿಲ್ಲ. ಅದರಾಚೆ ಏನೂ ಹೇಳಬೇಕಿಲ್ಲ.